ಜಾವಾ ಹೋದ ಮೇಲೆ

"ಕೂಡು ಬೇಟಾ, ಕೂಡು! ಹೊತ್ತು ಮುಳುಗೂದ್ರೊಳಗ ಮನಿ ಸೇರಬೇಕು!"

ಅತ್ತೆ ಕುಬ್ರಾ ಬೇಗಂ ಅವಸರ ಮಾಡಿದರು. ದೇವದುರ್ಗದಿಂದ ಮಾನ್ವಿಗೆ ಹೊರಟಿದ್ದ ಮದುವೆಯ ಜೀಪು, ಸಿರವಾರ ಇನ್ನೂ ದೂರವಿರುವಾಗಲೇ ಕೆಟ್ಟು ನಿಂತಿತ್ತು. ಹಿಂದೆ ಬರುತ್ತಿದ್ದ ಮದುಮಗನ ಗೆಳೆಯ ತಾಯಣ್ಣ, ತಾನು ಓಡಿಸುತ್ತಿದ್ದ ಮದುಮಗನದೇ ಜಾವಾ ಮೋಟಾರ್ ಸೈಕಲ್ ಅನ್ನು ಅವನ ಕೈಗೆ ಕೊಟ್ಟ.

"ನಿಂದೇ ಗಾಡಿ, ನಿಂದೇ ಹೇಣ್ತಿ. ಹೊಂಡು ಇನ್ನ!"

ಎಲ್ಲರೂ ನಕ್ಕರು. ಮದುಮಗಳು ಜಾಹೆದಾ ತಲೆತಗ್ಗಿಸಿಕೊಂಡೇ ಗಾಡಿಯ ಹತ್ತಿರ ಬಂದಳು. ಅದು ೧೯೮೬ರ ಬೇಸಿಗೆ. ಬೆಳಿಗ್ಗೆ ನಿಕಾಹ್ ಆಗಿದ್ದರೂ ಗಂಡನ ಮುಖವನ್ನು ಅವಳಿನ್ನೂ ಸರಿಯಾಗಿ ನೋಡಿರಲಿಲ್ಲ. ಹೆಸರು ಸಲಾವುದ್ದೀನ್, ಮಾನ್ವಿಯಲ್ಲಿ ಮನೆ, ಏನೋ ವ್ಯಾಪಾರ... ಅಷ್ಟೇ ಗೊತ್ತಿತ್ತು. ಎಂಥ ವ್ಯಾಪಾರ ಎಂದು ಯಾರೂ ಹೇಳಿರಲಿಲ್ಲ.

ಸೀಟಿನ ಮೇಲೆ ಕುಳಿತ ಮರುಗಳಿಗೆಯೇ ತಿಳಿಯಿತು!

ನಾತ... ಉಪ್ಪಿನ ನಾತ, ಕೊಳೆತ ಕೊಬ್ಬಿನ ನಾತ, ಹಸಿ ತೊಗಲಿನ ನಾತ! ಸೀಟಿನ ಹೊಲಿಗೆಯೊಳಗೆ ಇಳಿದು, ಕ್ಯಾರಿಯರಿನ ಕಬ್ಬಿಣಕ್ಕೆ ಅಂಟಿಕೊಂಡಿದ್ದ ನಾತ. ಮೇಲೆ ಸುರಿದಿದ್ದ ಅತ್ತರು ಅದನ್ನು ಇನ್ನಷ್ಟು ಹೇಸಿಗೆ ಮಾಡಿತ್ತು.

"ಗಟ್ಟಿ ಹಿಡ್ಕೊಳ್ರಿ," ಅಂದ ಸಲಾವುದ್ದೀನ್ ಮೆಲ್ಲಗೆ.

ಅವಳು ಹಿಡಿದುಕೊಂಡಿದ್ದು ಮೂಗನ್ನು! ಆದರೂ ಪ್ರಯೋಜನವಾಗಲಿಲ್ಲ. ಮೊದಲ ತಿರುವಿನಲ್ಲೇ ಅವನ ಹೊಸ ಶೇರ್ವಾನಿಯ ಬೆನ್ನ ಮೇಲೆ ವಾಂತಿ ಮಾಡಿಕೊಂಡಳು.

ಗಾಡಿ ನಿಂತಿತು. 'ಈಗ ಬೈಯ್ತಾನೆ... ಹೊಡೆದರೂ ಹೊಡೆದಾನು...'

ಅವನು ಹತ್ತಿರದ ಹೊಲದ ಬಾವಿಯಿಂದ ನೀರು ತಂದುಕೊಟ್ಟ. "ಹೋಗ್ಲಿ ಬಿಡ್ರಿ. ಅರಿವಿ ಅಲ್ಲೇನು, ಒಗದ್ರ ಹೋಗ್ತದ."

ಆಗ ಅವಳು ಮೊದಲ ಸಲ ಅವನ ಮುಖ ನೋಡಿದಳು. ಚೆಂದದ ಮುಖ. ನಗುವ ಕಣ್ಣು. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು. 'ಇಷ್ಟು ಒಳ್ಳೆಯ ಮುಖಕ್ಕೆ ಇಂಥ ನಾತ ಯಾಕೆ ಗಂಟುಬಿತ್ತು?'

ಸಲಾವುದ್ದೀನ್ ಜಾಲಹಳ್ಳಿ, ಮಸರಕಲ್ ಕಡೆಯ ಹಳ್ಳಿಗಳಲ್ಲಿ ಆಡು ಕುರಿಯ ತೊಗಲು ಕೊಂಡು, ಉಪ್ಪು ಸವರಿ, ರಾಯಚೂರಿನ ಗೋದಾಮಿಗೆ ಹಾಕುತ್ತಿದ್ದ. ಸಂಜೆ ಅವನು ಮನೆಗೆ ಬರುವ ಮೊದಲೇ ಓಣಿಯ ನೊಣಗಳು ಬರುತ್ತಿದ್ದವು ಎಂದು ಜಾಹೆದಾಳಿಗೆ ಅನಿಸುತ್ತಿತ್ತು. ಅವನು ತೊಳೆದ ಕೈಯಿಂದ ರೊಟ್ಟಿ ಮುರಿದರೂ ಅವಳು ಮುಖ ತಿರುಗಿಸುತ್ತಿದ್ದಳು. ಹಾಸಿಗೆ ಅತ್ತೆಯ ಪಕ್ಕದಲ್ಲೇ ಹಾಕಿಕೊಂಡಳು.

ಶುಕ್ರವಾರ ನಮಾಜಿನಿಂದ ಬಂದವನೇ ಅಂಗಳದಲ್ಲಿ ಜಾವಾ ತೊಳೆಯುತ್ತಿದ್ದ. ಟ್ಯಾಂಕನ್ನು ಎಮ್ಮೆಯ ಮೈ ಉಜ್ಜಿದ ಹಾಗೆ ಉಜ್ಜುತ್ತಿದ್ದ.

"ಅದೇನ್ ಅಷ್ಟ್ ಪ್ರೀತಿ ಈ ಹಳೇ ಡಬ್ಬಿ ಮ್ಯಾಲ?" ಒಂದು ದಿನ ಅವಳು ಕೇಳಿಯೇಬಿಟ್ಟಳು.

ಅವನ ಮುಖ ಅರಳಿತು. ಹೆಂಡತಿ ತಾನಾಗಿ ಮಾತಾಡಿಸಿದ್ದು ಅದೇ ಮೊದಲು!

"ಇದು ಬರೂಕಿಂತ ಮದ್ಲ ತೊಗಲಿನ ಗಂಟು ತಲಿ ಮ್ಯಾಲ ಹೊತ್ತು ನಡೀತಿದ್ದೆ. ಉಪ್ಪಿನ ನೀರು ಕಣ್ಣಾಗ ಇಳೀತಿತ್ತು. ಇದನ್ನ ತಗಂಡ ದಿನ ಮದ್ಲನೇ ಸಲ ತಲಿ ಎತ್ತಿ ದಾರಿ ನೋಡ್ದೆ, ಜಾಹೆದಾ..."

"ಹಂಗಾರ ಇದರ ಜೊತೀನ ನಿಕಾಹ್ ಮಾಡ್ಕೋಬೇಕಿತ್ತು! ಇದನ್ನ ನೋಡಿದ್ರ ಹೇಸಿಗಿ ಬರ್ತದ ನನಗ. ನಿಮ್ಮನ್ನ ನೋಡಿದ್ರೂ!"

ಅವನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. ಆಮೇಲೆ ಅವನು ಮತ್ತೆ ಗಾಡಿ ತೊಳೆಯತೊಡಗಿದ.

ರಂಜಾನ್ ಹಬ್ಬಕ್ಕೆ ತವರಿಗೆ ಹೋದಾಗ ಜಾಹೆದಾ ತಾಯಿಯ ಮಡಿಲಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನಾತ, ನೊಣ, ಆ ಗಾಡಿ... ಎಲ್ಲವನ್ನೂ ಹೇಳಿಕೊಂಡಳು. ಬಾಗಿಲ ಆಚೆ ತಂದೆ ಸತ್ತಾರ್ ಸಾಬ್ ನಿಂತಿದ್ದು ಅವಳಿಗೆ ತಿಳಿಯಲಿಲ್ಲ.

ಹಬ್ಬ ಮುಗಿಸಿ ಮಾನ್ವಿಗೆ ಬಂದ ಕೆಲವೇ ದಿನಕ್ಕೆ, ಒಂದು ಸಂಜೆ ಅಂಗಳದಲ್ಲಿ ಕೆಂಪು ಗಾಡಿ ನಿಂತಿತು. ಜಪಾನಿ ಇಂಜಿನ್ನಿನ ಹೊಚ್ಚ ಹೊಸ ಮೋಟಾರ್ ಸೈಕಲ್! ಓಣಿಯ ಜನವೆಲ್ಲ ಸುತ್ತುಗಟ್ಟಿತು.

"ಜಾವಾ?" ಎಂದಳು ಜಾಹೆದಾ.

"ಜಾಲಹಳ್ಳಿ ಗದ್ದೆಪ್ಪಗ ಕೊಟ್ಟೆ." ಸೋಪಿನ ವಾಸನೆ ಬರುತ್ತಿದ್ದ ಸಲಾವುದ್ದೀನ್ ಬೇರೆ ಕಡೆ ನೋಡುತ್ತ ಹೇಳಿದ. "ನಾಳಿ ರಾಯಚೂರಿಗೆ ಹೋಗಿ ಬರೂಣೇನು?"

ಮರುದಿನ ರಾಯಚೂರಿನ ದಾರಿಯಲ್ಲಿ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಸೀಟಿನಲ್ಲಿ ಹೊಸ ರೆಕ್ಸಿನ್ನಿನ ಘಮ. ಜಾಹೆದಾ ಮೊದಲ ಬಾರಿ ಗಂಡನ ಭುಜದ ಮೇಲೆ ಕೈಯಿಟ್ಟಳು. ಇಬ್ಬರೂ ಬಳೆ ಕೊಂಡರು, ಫಲೂದಾ ತಿಂದರು. ಎಷ್ಟು ಚೆಂದದ ದಿನ!

ವಾಪಸು ಹೊರಟಾಗ ಕೋಟೆಯ ಹತ್ತಿರ ಯಾರದೋ ಜಾವಾ ಎದುರಿಗೆ ಹಾದುಹೋಯಿತು. ಡಬ್ ಡಬ್ ಡಬ್... ಸಲಾವುದ್ದೀನನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗಿತು. ಆ ಸದ್ದು ಪೂರ್ತಿ ಅಡಗುವವರೆಗೂ ಗಾಡಿಯ ವೇಗ ತಗ್ಗಿಯೇ ಇತ್ತು. ಜಾಹೆದಾ ನೋಡಿಯೂ ನೋಡದಂತೆ ಕುಳಿತಳು.

ಆ ಸಂತೋಷ ಪಕ್ಕದ ಮನೆಯ ನೂರ್ ಬೀ ಬರುವವರೆಗೆ ಮಾತ್ರ ಉಳಿಯಿತು.

"ಗಾಡಿ ಛಲೋ ಅದ ಬಿಡು. ನಿಮ್ಮಬ್ಬಾ ಕೊಡಿಸಿದ್ದಲ್ಲೇನು? ನಮ್ಮನಿಯವ್ರು ನೋಡ್ಯಾರ... ರಾಯಚೂರಿನ ಬಜಾರದಾಗ ಸತ್ತಾರ್ ಸಾಬ್ರು ಅಳಿಯನ ಕೈಯಾಗ ರೊಕ್ಕದ ಗಂಟು ಇಡಾಕತ್ತಿದ್ರಂತ!"

ಜಾಹೆದಾಳ ಕಿವಿ ಕಾದವು. ದೇವದುರ್ಗದಲ್ಲಿ ಹೆಗಲ ಮೇಲೆ ಬಟ್ಟೆ ಹೊತ್ತು ಸಂತೆ ಸಂತೆ ಸುತ್ತಿ ಸಂಸಾರ ಸಾಕಿದ ತಂದೆ! ಅವರಿಂದ ಗಾಡಿ ಕೀಳುವುದೇ? ಮತ್ತೆ ಈ ಮನುಷ್ಯ ಆ ಗಾಡಿಯನ್ನು ಓಡಿಸುವುದೂ ಇಲ್ಲ. 'ಹೊಸದು, ಧೂಳಾಗ್ತದ' ಎಂದು ಅಂಗಳದಲ್ಲಿ ಮುಚ್ಚಿಟ್ಟು ದಿನಾ ಬಸ್ಸಿಗೆ ಹೋಗುತ್ತಾನೆ. ಮಂದಿಗೆ ತೋರಿಸಲು ಮಾತ್ರ!

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ನಮ್ಮಬ್ಬಾ ನಿಮಗ ರೊಕ್ಕ ಕೊಟ್ರೋ ಇಲ್ಲೋ?"

ಅವನು ತಡೆದು ಹೇಳಿದ, "ಕೊಡಾಕ ಬಂದಿದ್ರು..."

"ಥೂ! ತೊಗಲಿನ ನಾತಾನ ವಾಸಿ ಇತ್ತು. ಅದು ತೊಳದ್ರ ಸ್ವಲ್ಪರ ಹೋಗ್ತಿತ್ತು. ಈ ಆಸೆಬುರುಕತನ ಎಲ್ಲಿ ತೊಳೀತೀರಿ?"

"ಜಾಹೆದಾ, ನನ್ನ ಮಾತು..."

"ಬ್ಯಾಡ! ನಿಮ್ಮ ದನಿ ಕೇಳಿದ್ರೂ ಹೇಸಿಗಿ!"

ಮರುದಿನವೇ ಅವಳು ದೇವದುರ್ಗದ ಬಸ್ಸು ಹತ್ತಿದಳು. ಕುಬ್ರಾ ಬೇಗಂ ಮಗನನ್ನೂ ಸೊಸೆಯನ್ನೂ ಒಟ್ಟಿಗೇ ಬೈದರು. ಅವನು ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ತಂದ. ತುಟಿ ಮಾತ್ರ ಬಿಚ್ಚಲಿಲ್ಲ.

ತವರಿನಲ್ಲಿ ಮಗಳ ಮಾತು ಕೇಳಿ ಸತ್ತಾರ್ ಸಾಬ್ ಎರಡೂ ಕೆನ್ನೆ ಬಡಿದುಕೊಂಡರು.

"ತೌಬಾ ತೌಬಾ... ಏನಂದಿ ಬೇಟಾ ಅವಗ? ನೀ ಅತ್ತಿದ್ದು ಕೇಳಿ ನಾನೇ ರಾಯಚೂರಿಗೆ ಹೋಗಿ ಅವನ್ನ ಕಂಡಿದ್ದೆ. 'ಆ ನಾರೂ ಗಾಡಿ ಒಗದು ಹೊಸದು ತಗೋ, ನನ್ನ ಮಗಳಿಗೆ ನಿನ್ನ ಕಂಡ್ರ ಹೇಸಿಗಿ ಅಂತ' ಅಂದೆ. ಬಾಯಿ ಸುಡ್ಲಿ ನಂದು!"

"ಅವ್ರು... ಏನಂದ್ರು?"

"ನನ್ನ ರೊಕ್ಕ ನನ್ನ ಕಿಸೆದಾಗ ಹಾಕಿದ. 'ಹೇಣ್ತಿಗೆ ಗಾಡಿ ನಾ ತರ್ತೀನಿ' ಅಂದ. ರಾಯಚೂರಾಗ ಸ್ವಂತ ಗೋದಾಮು ಹಾಕಾಕ ಕೂಡಿಟ್ಟಿದ್ದೆಲ್ಲ ತಗದ. ನನ್ನ ಕಣ್ಣ ಮುಂದನ ಜಾವಾ ಮಾರಿದ. ಗದ್ದೆಪ್ಪ ಅದನ್ನ ಚಾಲೂ ಮಾಡ್ಕೊಂಡು ಹೋದಾಗ, ಹುಡುಗ ಗ್ವಾಡಿ ಕಡೆ ಮಾರಿ ಮಾಡಿ ನಿಂತ..."

ಈಗ ಜಾಹೆದಾಳಿಗೆ ಹೇಸಿಗೆಯಾದದ್ದು ತನ್ನ ಮೇಲೆಯೇ! ಅವನಿಗೆ ತನ್ನ ಮಾತು ಎರಡೆರಡು ಸಲ ತಾಗಿತ್ತು. ಆದರೂ ಅವನು ಹೊಸ ಗಾಡಿಯಲ್ಲಿ ಬಳೆ ಕೊಡಿಸಲು ಕರೆದುಕೊಂಡು ಹೋಗಿದ್ದ...

ಬೆಳಿಗ್ಗೆ ರಾಯಚೂರಿನ ಬಸ್ಸು ಹತ್ತಿದಳು. ಗೋದಾಮಿನಲ್ಲಿ ಅವನು ಸಿಗುತ್ತಾನೆ ಎಂದುಕೊಂಡಳು. ಆದರೆ ಮಸರಕಲ್‌ನಲ್ಲಿ ಬಸ್ಸು ನಿಂತಾಗ ಕೆಳಗೆ ಪರಿಚಿತ ದನಿ ಕೇಳಿಸಿತು.

"ಟಾಪಿನ ಮ್ಯಾಲ ಹಾಕ್ತೀನ್ರೀ, ಕಂಡಕ್ಟರ್ ಸಾಹೇಬ್ರ..."

"ಬ್ಯಾಡಪ್ಪಾ! ಕಿಡಕ್ಯಾಗ ಸೋರ್ತದ. ಮಂದಿ ಇಳದ್ ಹೋಗ್ತಾರ!"

ಕಿಟಕಿಯ ಹೊರಗೆ ಸಲಾವುದ್ದೀನ್ ನಿಂತಿದ್ದ. ತಲೆಯ ಮೇಲೆ ತೊಗಲಿನ ದೊಡ್ಡ ಗಂಟು! ಹಣೆಯ ಮೇಲಿಂದ ನೀರು ಇಳಿಯುತ್ತಿತ್ತು. ಬಸ್ಸಿನ ಜನ ಮೂಗು ಮುಚ್ಚಿಕೊಂಡರು. ಮುಂದಿನ ಸೀಟಿನ ದಪ್ಪ ಮನುಷ್ಯ ಹೊರಗೆ ಉಗುಳಿದ.

"ಏನ್ ಹೇಸಿಗಿ ಮಾರಾಯ! ಇಂಥವ್ರಿಗೆ ಹೆಣ್ಣರ ಯಾರು ಕೊಡ್ತಾರ?"

ಬಸ್ಸು ನಕ್ಕಿತು. ತಾನು ಆಡಿದ ಮಾತೇ ಬೇರೆಯವರ ಬಾಯಲ್ಲಿ ಎಷ್ಟು ಹೊಲಸಾಗಿ ಕೇಳಿಸಿತು!

ಜಾಹೆದಾ ಎದ್ದು ನಿಂತಳು. "ನಮ್ಮಬ್ಬಾ ಕೊಟ್ಟಾರ! ಇಳಿಸ್ರಿ ನನ್ನ!"

ನಗು ನಿಂತಿತು. ಅವಳು ಇಳಿದಳು. ಬಸ್ಸು ಧೂಳೆಬ್ಬಿಸಿ ಹೋಯಿತು.

ಸಲಾವುದ್ದೀನ್ ಗಂಟನ್ನು ಬೇವಿನ ಮರದ ಕೆಳಗೆ ಇಳಿಸಿ, ಕಣ್ಣು ಒರೆಸಿಕೊಂಡು ನೋಡಿದ. "ನೀ... ನೀ ಯಾಕ ಇಳದಿ?"

"ನನ್ನ ಗಂಡ ಕೆಳಗ ಇದ್ದ."

ಅವನು ಮರದ ಬುಡದ ಕಲ್ಲಿನ ಮೇಲೆ ಕೂತ.

"ಅಬ್ಬಾ ಎಲ್ಲಾ ಹೇಳಿದ್ರು. ಅಷ್ಟ್ ಬೈದ್ನಲ್ಲ, ನೀವ್ಯಾಕ ಬಾಯಿ ಬಿಡ್ಲಿಲ್ಲ?"

"ನಿನ್ನ ಮಾತನ್ನ ನಿಮ್ಮಬ್ಬಾನ ಬಾಯಿಂದ ಕೇಳೀನಿ ಅಂತ ಗೊತ್ತಾದ್ರ ನೀ ನಾಚಿ ಸಾಯ್ತಿದ್ದಿ. ಅದಕ್ಕ ಸುಮ್ಕಿದ್ದೆ."

"ಮತ್ತ ಮನ್ಯಾಗ ಹೊಸ ಗಾಡಿ ಇಟ್ಕೊಂಡು ಇದ್ಯಾಕ ತಲಿ ಮ್ಯಾಲ..."

"ಅದರ ಮ್ಯಾಲ ತೊಗಲು ಹೇರಿದ್ರ ನೀ ಎಲ್ಲಿ ಕೂಡ್ತಿ?"

ಜಾಹೆದಾಳ ಕಣ್ಣು ತುಂಬಿ ಹರಿಯಿತು. ನೊಣಗಳು ಗುಂಯ್ ಎನ್ನುತ್ತಿದ್ದವು. ನಾತ ಎಂದಿನಷ್ಟೇ ಇತ್ತು. ಆದರೂ ಅವಳ ಕಾಲು ಹಿಂದೆ ಸರಿಯಲಿಲ್ಲ.

"ಜಾವಾ ನೆನಪಾಗ್ತದೇನ್ರೀ?"

"ಸುಳ್ಳ್ಯಾಕ ಹೇಳ್ಲಿ... ಆಗ್ತದ. ಹೊಸದು ಬಂಗಾರದಂಥ ಗಾಡಿ. ಒಂದೇ ಒದಿಗೆ ಚಾಲೂ, ಎಣ್ಣಿ ಕುಡಿಯಂಗಿಲ್ಲ, ಸಪ್ಪಳಿಲ್ಲ. ಆದ್ರ ನಾ ಯಾರಂತ ಅದಕ್ಕಿನ್ನೂ ಗೊತ್ತಿಲ್ಲ."

"ಗೊತ್ತಾಗ್ಲಿ! ನಾಳಿಂದ ತೊಗಲು ಅದರ ಮ್ಯಾಲ ಹೇರ್ರಿ. ಶುಕ್ರವಾರ ಇಬ್ರೂ ಕೂಡಿ ತೊಳಿಯೂಣು."

"ನಿನಗ ಹೇಸಿಗಿ ಆಗಂಗಿಲ್ಲೇನು?"

"ಆಗ್ತದ! ಈಗೂ ಆಗಾಕತ್ತದ. ಆದ್ರ ನಾತ ಬ್ಯಾರೆ, ನೀವು ಬ್ಯಾರೆ. ನಾನೇ ಎರಡೂ ಒಂದ ಮಾಡಿದ್ದೆ... ನೀವಿಲ್ಲದ ಮನ್ಯಾಗ ಅತ್ತರು ಹಚ್ಕೊಂಡು ನಾ ಏನ್ ಮಾಡ್ಲಿ?"

ಅವನು ಅವಳ ಕೈ ಹಿಡಿಯಲು ಹೋಗಿ, ತನ್ನ ಕೈ ನೋಡಿಕೊಂಡು ತಡೆದ. ಅವಳೇ ಆ ಉಪ್ಪುಗೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ರಾಯಚೂರಿಗೆ ಹೆಂಗ್ ಹೋಗೂದ್ರೀ ಈಗ?"

"ಕಲ್ಲಿನ ಲಾರಿ ಒಂದು ಬರ್ತದ. ಆದ್ರ ಭಾಳ ತಡಾ ಆಗ್ತದ, ಜಾಹೆದಾ."

"ಆಗ್ಲಿ ಬಿಡ್ರಿ," ಎಂದಳು ಅವಳು, ಅವನ ಪಕ್ಕಕ್ಕೆ ಸರಿದು ಕೂತು. "ನನಗೇನ್ ಅವಸರಿಲ್ಲ."