ಬಿರುಕು ಬಿಟ್ಟ ಗಾಲಿಯ ಸದ್ದು

ಕಲ್ಲಿದ್ದಲ ಹೊಗೆ ಮತ್ತು ಗ್ರೀಸು ಬೆರೆತ ಅಪ್ಪನ ಕೋಟಿನ ವಾಸನೆ ನನಗಿನ್ನೂ ನೆನಪಿದೆ. ಸೆರ್ಬಿಯಾದ ಬೆಟ್ಟದ ನಿಲ್ದಾಣವೊಂದರಲ್ಲಿ ಅವರು ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಗಾಲಿ ಗಂಟೆಯಂತೆ ಮೊಳಗುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ಬೊದ್ ಎನ್ನುತ್ತದೆ. ಒಮ್ಮೆ ಗಾಲಿಯೊಂದು ಬೊದ್ ಎಂದಿತು; ಅಪ್ಪ ಬೇಡವೆಂದರೂ ಅಧಿಕಾರಿ ರೈಲು ಬಿಡಿಸಿದ. ಅಪ್ಪನೂ ಅದರಲ್ಲಿದ್ದರು. ಸುರಂಗದಾಚೆ ಅದು ಹಳಿ ತಪ್ಪಿ ಉರುಳಿಬಿತ್ತು; ಅಪ್ಪ ಮರಳಲಿಲ್ಲ.

ಆ ಪ್ರಯಾಣವನ್ನೇ ನಾನು ವಾದ್ಯವೃಂದಕ್ಕೆ ಸಂಯೋಜಿಸಿದೆ. ತಾಲೀಮಿನಲ್ಲಿ ತಾಳವಾದ್ಯ ನುಡಿಸುವ ಹುಡುಗಿ ಲ್ಯುಬಿಂಕಾ ಕಬ್ಬಿಣದ ಪಟ್ಟಿಗೆ ಸುತ್ತಿಗೆಯಿಂದ ಹೊಡೆದಾಗಲೆಲ್ಲ ಅದು ಖಣಖಣಿಸುತ್ತಿತ್ತು. ಬೆನ್ನಿಗೇ, ಯಾರೂ ಹೊಡೆಯದ ಇನ್ನೊಂದು ಸದ್ದು ಬೊದ್ ಎನ್ನುತ್ತಿತ್ತು. ಸಭಾಂಗಣ ತಣ್ಣಗಾಗಿ ಗ್ರೀಸಿನ ವಾಸನೆ ಬರುತ್ತಿತ್ತು.

"ದೊಬ್ರಿಲಾ ಅಮ್ಮ, ಆ ಭಾಗ ತೆಗೆದುಬಿಡಿ. ಎಲ್ಲರೂ ಹೆದರಿದ್ದಾರೆ," ಎಂದ ವಾದ್ಯವೃಂದದ ನಿರ್ದೇಶಕ ತಿಹೋಮಿರ್.

"ಆವತ್ತು ಆ ಸದ್ದು ಅಪ್ಪನ್ನ ಬಿಟ್ಟು ಯಾರ ಕಿವಿಗೂ ಬೀಳ್ಲಿಲ್ಲ. ಈಗ ಊರೆಲ್ಲ ಕೂತು ಕೇಳ್ಲಿ. ಒಂದು ಸ್ವರನೂ ತೆಗೆಯಲ್ಲ. ನಿಂಗೆ ಹೆದರಿಕೆ ಆದ್ರೆ ಕೋಲು ಇಲ್ಲಿ ಕೊಡು, ನಾನೇ ನಡೆಸ್ತೀನಿ!"

"ಈ ವಯಸ್ಸಲ್ಲೂ ಎಂಥ ಹಠ ನಿಮ್ದು!" ಎಂದು ಗೊಣಗುತ್ತ ಅವನು ಕೋಲೆತ್ತಿದ.

ಕಛೇರಿಯ ದಿನ ಎರಡೂ ಸದ್ದುಗಳು ಸ್ಪಷ್ಟವಾಗಿ ಕೇಳಿಸಿದವು. ಮುಗಿದ ಮೇಲೆ ಲ್ಯುಬಿಂಕಾ ನನ್ನ ಪಕ್ಕ ಬಂದು ಕೂತಳು.

"ಹೆದರಿಕೆ ಆಯ್ತಮ್ಮ. ನಾನಿವತ್ತು ಸುತ್ತಿಗೆ ಎತ್ತಲೇ ಇಲ್ಲ."

ಆಮೇಲೆ ತನ್ನ ಊಟಕ್ಕೆಂದು ತಂದಿದ್ದ ಬುರೆಕ್ಕಿನ, ಹೂರಣ ತುಂಬಿ ಬೇಯಿಸಿದ ಪದರು ರೊಟ್ಟಿಯ, ಪೊಟ್ಟಣವನ್ನು ನನ್ನ ಕೈಗಿಟ್ಟಳು.