ರಫು ಮಾಡಿದ ಕ್ಷಣ

ಮೂರನೆಯ ಕ್ಯಾಮೆರಾದ ಚಿತ್ರ ಹರಿದುಹೋಯಿತು. ಯಾರಿಗೂ ತಿಳಿಯಲಿಲ್ಲ. ತಿಳಿಯದಿರಲೆಂದೇ ಆ ಪೆಟ್ಟಿಗೆ ಇತ್ತು.

ಬೈಲಹೊಂಗಲದ ಕುಸ್ತಿ ಮೈದಾನದ ಪಕ್ಕ ನಿಂತ ನೇರಪ್ರಸಾರದ ವಾಹನದೊಳಗೆ ಮೆಹಜಬೀನ್ ನದಾಫ್ ತಾನೇ ಕಂಡುಹಿಡಿದ ಆ ಪೆಟ್ಟಿಗೆಯ ಎದುರು ಚಹಾ ಕುಡಿಯುತ್ತ ಕುಳಿತಿದ್ದಳು. ಅದರ ಹೆಸರು ರಫು. ಹರಿದ ಬಟ್ಟೆಯನ್ನು ಎಳೆಗೆ ಎಳೆ ಕೂಡಿಸಿ, ಹರಿದದ್ದೇ ಗೊತ್ತಾಗದಂತೆ ನೇಯುವುದಕ್ಕೆ ರಫು ಎನ್ನುತ್ತಾರಲ್ಲ, ಅದೇ. ಅವಳ ಖಾಲಾ, ಅಂದರೆ ತಾಯಿಯ ತಂಗಿ, ಹುಬ್ಬಳ್ಳಿಯಲ್ಲಿ ರೇಷ್ಮೆ ಸೀರೆಗಳಿಗೆ ರಫು ಮಾಡಿ ಹೆಸರಾದವಳು. ಖಾಲಾ ಸೀರೆಗೆ ಮಾಡಿದ್ದನ್ನು ಅಕ್ಕನ ಮಗಳು ವಿಡಿಯೊಗೆ ಮಾಡಿದಳು.

ವಿಡಿಯೊ ಎಂದರೆ ಬಿಡಿಚಿತ್ರಗಳ ಓಟ. ಕೇಬಲ್ ಸಡಿಲಾದರೆ, ಚಿತ್ರ ಹಿಡಿಯುವ ಕಾರ್ಡ್ ಕಾದರೆ, ಎರಡು ಯಂತ್ರಗಳ ಗಡಿಯಾರ ತಾಳ ತಪ್ಪಿದರೆ ನಡುವೆ ಕೆಲವು ಚಿತ್ರಗಳು ಕಳೆದುಹೋಗಿ ಪರದೆ ಕಪ್ಪಾಗುತ್ತದೆ. ಹಿಂದೆ ಹಾಗಾದಾಗ ವಾಹನದೊಳಗೆ ಏನು ಗದ್ದಲ! "ಮೊದಲ ಕೇಬಲ್ ಬದಲಿಸು, ಆಮ್ಯಾಲ ಕಾರ್ಡ್, ಅದಕ್ಕೂ ಬಗ್ಗದಿದ್ರ ಮನಿದೇವರಿಗೆ ಹರಕಿ ಹೊರು" ಎಂಬುದು ಆ ಕಸುಬಿನವರ ಮಂತ್ರವಾಗಿತ್ತು. ಎರಡು ಸಾವಿರದ ಐವತ್ತರ ದಶಕದಲ್ಲಿ ರಫು ಬಂತು. ದೇವರಿಗೂ ಬಿಡುವು ಸಿಕ್ಕಿತು. ಅಪಾರ ದೃಶ್ಯಗಳನ್ನು ನೋಡಿ ಕಲಿತಿದ್ದ ಅದು, ಕಳೆದ ಚಿತ್ರದಲ್ಲಿ ಏನಿರಬೇಕಿತ್ತೆಂದು ಊಹಿಸಿ, ಹೊಸದನ್ನು ಬರೆದು ಆ ಜಾಗದಲ್ಲಿ ಕೂರಿಸುತ್ತಿತ್ತು. ಬರಬರುತ್ತ ಕೇಬಲ್ ಮುಟ್ಟಿ ನೋಡುವ ರೂಢಿಯೇ ತಪ್ಪಿತು. ಚಿತ್ರ ಚೆನ್ನಾಗಿಯೇ ಬರುತ್ತಿರುವಾಗ ಯಾರು ಎದ್ದು ಹೋಗುತ್ತಾರೆ?

ಅಂದು ಬೆಳ್ಳಿ ಗದೆಯ ಪಂದ್ಯ. ಲಗಮವ್ವ ಕಡೆಮನಿಗೆ ಅದೇ ಕೊನೆಯ ಹಂಗಾಮು. ವಯಸ್ಸಾಯಿತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಹಿಂದೆ ಎರಡು ಸಲ ಆ ಗದೆಯ ವಿಷಯದಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಎದುರಿಗೆ ಸುನಂದಾ ಹೊಸಕೋಟಿ, ಹರೆಯದ ಹುಡುಗಿ, ಮಿಂಚಿನ ಕಾಲು. ಎರಡೂ ಹೆಗಲು ಒಟ್ಟಿಗೆ ಕೆಂಪು ಮಣ್ಣಿಗೆ ಹತ್ತಿದರೆ 'ಚಿತ್', ಆಟ ಮುಗಿದ ಹಾಗೆ.

ಸುನಂದಾ ಎತ್ತಿ ಒಗೆದಳು. ಮಣ್ಣು ಹಾರಿತು. ಲಗಮವ್ವ ಮೀನಿನಂತೆ ಹೊರಳಿ ಎದ್ದುಬಿಟ್ಟಳು. ಹತ್ತಿತೋ ಇಲ್ಲವೋ? ಹಿರಿಯ ಪಂಚ ಬಸಲಿಂಗಪ್ಪ ಹಣಬರ ಮರುಚಿತ್ರ ಕೇಳಿದರು. ಉಳಿದ ಕ್ಯಾಮೆರಾಗಳಿಗೆ ಅವರ ಅಗಲವಾದ ಬೆನ್ನೇ ಅಡ್ಡವಾಗಿತ್ತು. ಮೂರನೆಯದರಲ್ಲಿ ಮಾತ್ರ ನಿಚ್ಚಳವಾಗಿ ಕಂಡಿತು: ಎರಡೂ ಹೆಗಲು ಮಣ್ಣಿನ ಮೇಲೆ. ಚಿತ್! ಜನ ಕೇಕೆ ಹಾಕಿದರು.

"ಹತ್ತಿಲ್ರೀ! ನನ್ನ ಬೆನ್ನು ನನಗ ಗೊತ್ತಿಲ್ಲೇನ್ರಿ? ನಿಮ್ಮ ಆ ಡಬ್ಬಿ ಸುಳ್ಳ ಹೇಳಾಕತ್ತೈತಿ!" ಲಗಮವ್ವನ ಕೂಗು ವಾಹನದೊಳಗಿನ ಸ್ಪೀಕರ್‌ನಲ್ಲಿ ಬಡಿಯಿತು.

ಡಬ್ಬಿ ಎಂದದ್ದು ಮೆಹಜಬೀನಳ ಮೈಯೆಲ್ಲ ಉರಿಸಿತು. "ಸೋತ ಮಂದಿ ಹಿಂಗ ಅನ್ನಾವ್ರ, ಬಿಡ್ರಿ ಮೇಡಂ" ಎಂದ ಪ್ರಸಾರದ ಮುಖ್ಯಸ್ಥ ವೀರಭದ್ರ. ಅವಳು ಬಿಡಲಿಲ್ಲ. ತನ್ನ ಯಂತ್ರ ಸುಳ್ಳಾಡುವುದಿಲ್ಲವೆಂದು ತೋರಿಸಿಯೇ ತೀರುವ ಹಟದಲ್ಲಿ ವೈರ್‌ಲೆಸ್ ಹಿಡಿದು ಅಖಾಡದ ಅಂಚಿಗೆ ನಡೆದಳು.

ಮೂರನೆಯ ಕ್ಯಾಮೆರಾದ ಹಿಂದೆ ಕೇಬಲ್ಲಿನ ತುದಿ ಉದುರುವ ಹಲ್ಲಿನಂತೆ ಅಲ್ಲಾಡುತ್ತಿತ್ತು. ಅವಳು ಮೆಲ್ಲಗೆ ಎಳೆದಳು. ಇಡೀ ತುದಿ ಕಳಚಿ ಕೈಗೆ ಬಂತು.

"ವೀರಭದ್ರ, ಮೂರನೇ ಕ್ಯಾಮೆರಾ ಹೆಂಗೈತಿ?"

"ಬಂಗಾರದಂಥಾ ಚಿತ್ರ ಐತ್ರಿ."

"ಏನ್ ಕಾಣಸ್ತದ?"

"ಲಗಮವ್ವ ಕೈ ಮುಗದು ಅಖಾಡಾ ಬಿಟ್ಟು ಹೊಂಟಾಳ್ರಿ, ಪಾಪ."

ಮೆಹಜಬೀನ್ ತಲೆಯೆತ್ತಿದಳು. ಲಗಮವ್ವ ಅಖಾಡದ ನಟ್ಟನಡುವೆ, ಸೊಂಟಕ್ಕೆ ಕೈಕೊಟ್ಟು, ಕದಲದೆ ನಿಂತಿದ್ದಳು.

ಸೋತವರು ಕೈಮುಗಿದು ಹೋಗುವುದು ವಾಡಿಕೆ. ರಫು ವಾಡಿಕೆಯನ್ನು ತೋರಿಸುತ್ತಿತ್ತು. ಆ ಪಟ್ಟಿನಲ್ಲಿ ಬಿದ್ದವರ ಹೆಗಲು ಸಾಮಾನ್ಯವಾಗಿ ಮಣ್ಣಿಗೆ ಹತ್ತುತ್ತದೆ. ಅದನ್ನೂ ಹಾಗೆಯೇ ತೋರಿಸಿತ್ತು. ಕಳೆದುಹೋದ ನಿಜ ಇನ್ನೆಲ್ಲೂ ಉಳಿದಿರಲಿಲ್ಲ.

ಓಡಿ ಬಂದ ವೀರಭದ್ರ ಕಳಚಿದ ಕೇಬಲ್ ನೋಡಿ ಬೆವೆತ. "ಮೇಡಂ, ನಿಮ್ಮ ಕಾಲ್ಮುಗೀತೀನಿ, ಬಾಯಿ ಬಿಡಬ್ಯಾಡ್ರಿ. ನಿಮ್ಮ ಕಾಲಿಗೆ ನೀವ ಕೊಡಲಿ ಹಾಕ್ಕೋತೀರೇನು?"

ಹಾಕಿಕೊಳ್ಳಲು ಅವಳಿಗೂ ಮನಸ್ಸಿರಲಿಲ್ಲ. ಹನ್ನೆರಡು ವರ್ಷದ ದುಡಿಮೆ, ದೇಶವೆಲ್ಲ ಬಳಸುತ್ತಿದ್ದ ಯಂತ್ರ. ಆದರೆ ಲಗಮವ್ವನ ಕಣ್ಣಲ್ಲಿ ನೀರು ತುಂಬಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಮೆಹಜಬೀನ್ ನೆಟ್ಟಗೆ ಹೋಗಿ ಬಸಲಿಂಗಪ್ಪನವರ ಕೈಯಲ್ಲಿ ಕೇಬಲ್ ಇಟ್ಟು ಇದ್ದದ್ದನ್ನು ಇದ್ದಂತೆ ಹೇಳಿದಳು.

ಅವರು ಕೇಬಲ್ಲಿನ ತುದಿಯನ್ನು ತಿರುಗಿಸಿ ನೋಡಿದರು. ಆಮೇಲೆ ಮೈಕಿನಲ್ಲಿ ಕೇಳಿದರು: "ಹೆಗಲು ಹತ್ತಿದ್ದನ್ನ ಕಣ್ಣಾರೆ ಕಂಡಾವ್ರು ಯಾರರೆ ಅದೀರೇನ್ರಪಾ?"

ಮೈದಾನ ತುಂಬ ಜನ. ಒಂದು ಕೈಯೂ ಏಳಲಿಲ್ಲ. ಆ ಕ್ಷಣ ಎಲ್ಲರೂ ಅಖಾಡ ಬಿಟ್ಟು, ಮೈದಾನದಲ್ಲಿ ನಿಲ್ಲಿಸಿದ್ದ ದೊಡ್ಡ ಪರದೆ ನೋಡುತ್ತಿದ್ದರು. "ನಾನೂ ಅದನ್ನ ನೋಡಾಕತ್ತಿದ್ನಿ" ಎಂದರು ಬಸಲಿಂಗಪ್ಪ, ಮೈಕ್ ಪಕ್ಕಕ್ಕಿಟ್ಟು. ಅವರ ಮುಖ ಸಣ್ಣದಾಗಿತ್ತು.

ಆಗ ಸುನಂದಾ ಮುಂದೆ ಬಂದು ಬಲಗೈ ತಿರುವಿ ತೋರಿಸಿದಳು. ಮುಂಗೈ ಹಿಂಬದಿಯ ಚರ್ಮ ತರಚಿ ಮಣ್ಣು ಮೆತ್ತಿತ್ತು. "ನನ್ನ ಕೈ ಅಕ್ಕನ ಹೆಗಲಿನ ಬುಡಕ ಸಿಕ್ಕಿತ್ರಿ. ಹೆಗಲು ಮಣ್ಣಿಗೆ ಹತ್ತಾಕ ಸಾಧ್ಯನ ಇಲ್ಲ."

"ಮತ್ತ ಆಗ ಯಾಕ ಹೇಳಲಿಲ್ಲವಾ?" ಎಂದರು ಬಸಲಿಂಗಪ್ಪ.

"ಕೈ ಉರೀತಿತ್ರಿ. ಖರೆ. ಆದ್ರ ಪರದೆ ಮ್ಯಾಲ ಹತ್ತಿದ್ದು ಕಾಣಿಸ್ತಲ್ಲ, ನನ್ನ ಕೈನ ತಪ್ಪು ತಿಳಕೊಂಡತೇನೋ ಅಂದಕೊಂಡೆ." ಹೇಳುತ್ತ ಹೇಳುತ್ತ ಅವಳು ಅತ್ತೇಬಿಟ್ಟಳು.

ದೊಡ್ಡ ಪರದೆ ಆರಿಸಿದರು. ಕುಸ್ತಿ ಮತ್ತೆ ಶುರುವಾಯಿತು. ಜನ ಕತ್ತು ಚಾಚಿ ಮಣ್ಣನ್ನೇ ನೋಡಿದರು. ಲಗಮವ್ವನ ಮೊಣಕಾಲು ಕೊನೆಗೂ ಕೈಕೊಟ್ಟಿತು. ಸುನಂದಾ ಅವಳನ್ನು ಕೆಡವಿ ಒತ್ತಿ ಹಿಡಿದಳು. ಪಂಚರು ಬಾಯಿ ತೆರೆಯುವ ಮುಂಚೆ ಮಲಗಿದಲ್ಲಿಂದಲೇ ಲಗಮವ್ವ ಕೂಗಿದಳು:

"ಹಾಂ, ಈಗ ಹತ್ತೇತಿ ನೋಡ್ರಿ!"

ಎದ್ದು ಬೆನ್ನು ಕೊಡವಿಕೊಂಡು ಹುಡುಗಿಯ ತರಚಿದ ಕೈಯನ್ನು ತಾನೇ ಮೇಲೆತ್ತಿದಳು. ಗದೆ ಹೋದದ್ದಕ್ಕೆ ಅವಳಿಗೆ ದುಃಖವಿತ್ತು, ಮುಚ್ಚಿಡಲಿಲ್ಲ. ಆದರೆ ಅಖಾಡಕ್ಕೆ ಕೈಮುಗಿದು ತಲೆಯೆತ್ತಿ ನಡೆದಳು.

ಖಾಲಾ ಪ್ರತಿ ಸೀರೆಯ ಒಳಮೈಯಲ್ಲಿ, ರಫು ಮಾಡಿದ ಕಡೆ, ಒಂದು ಕೆಂಪು ಎಳೆ ಬಿಡುತ್ತಿದ್ದಳು. ಅದನ್ನು ಮುದುಕಿಯರ ಹಳೆಯ ಚಾಳಿ ಎಂದುಕೊಂಡಿದ್ದ ಮೆಹಜಬೀನ್ ತನ್ನ ಯಂತ್ರಕ್ಕೆ ಅದನ್ನು ಸೇರಿಸಿರಲಿಲ್ಲ. ಈಗ ಸೇರಿಸಿದಳು: ಊಹಿಸಿ ಬರೆದ ಚಿತ್ರ ಬಂದಾಗಲೆಲ್ಲ ಪರದೆಯ ಅಂಚಿನಲ್ಲಿ ಒಂದು ಕೆಂಪು ಗೆರೆ. ಕಣ್ಣಿಗೆ ಕಿರಿಕಿರಿ, ತೆಗೆಯಿರಿ ಎಂದು ದೇಶವೆಲ್ಲ ದೂರು ಬಂತು. ಅವಳು ತೆಗೆಯಲಿಲ್ಲ.

ಒಂದು ಸಂಜೆ ಖಾಲಾ ಸುದ್ದಿ ನೋಡುತ್ತಿದ್ದಳು. ಮೆರವಣಿಗೆ, ಭಾಷಣ, ಚಪ್ಪಾಳೆ ತಟ್ಟುವ ಜನಜಂಗುಳಿ. ಅಂಚಿನ ಕೆಂಪು ಗೆರೆ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

"ಯವ್ವಾ, ಇದೇನ ಇಷ್ಟ ಹರದೈತಿ?"

"ಮೊದಲಿಂದನೂ ಹರದಿತ್ತು ಖಾಲಾ" ಎಂದಳು ಮೆಹಜಬೀನ್. "ನಾವು ನೋಡಿದ್ದಿಲ್ಲ."