ಬಿದ್ದವರಿಗೆ ಅಂಕವಿಲ್ಲ

ಕನ್ನಡಕದ ಕಡ್ಡಿಗೆ ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತಿದ್ದಳು ಅವಳು. ಇನ್ನೊಂದು ಸುತ್ತು ತಿರುಗಿಸಿದರೆ ಮುಗಿಯಿತು ಎನ್ನುವಾಗ ಸ್ಕ್ರೂಡ್ರೈವರ್ ಜಾರಿತು. ಸ್ಕ್ರೂ ಅಂಗಡಿಯ ಕೌಂಟರಿನಾಚೆ ಹಾರಿತು.

"ಅಯ್ಯೋ, ಸಾರಿ!"

"ಪರವಾಗಿಲ್ಲ, ನಾನಿದ್ದೀನಲ್ಲ," ಎನ್ನುತ್ತಾ ಆಗಷ್ಟೇ ಒಳಬಂದವನು ಬಗ್ಗಿ ಹುಡುಕತೊಡಗಿದ.

ಅವಳು ಕೌಂಟರಿನ ಮೇಲಿಂದ ಬಾಗಿ ಅವನನ್ನು ನೋಡಿದಳು. ಎಂಟು ತಿಂಗಳಿಂದ ಕಂಪ್ಯೂಟರ್ ಪರದೆಯ ಮೇಲೆ ಓದುತ್ತಿದ್ದ ಮಾತು... ಇವತ್ತು ಮೊದಲ ಸಲ ಕಿವಿಗೆ ಬಿದ್ದಿತ್ತು!

"ನೀವು... 'ಕೊಡಲಿ'ನಾ?"

ಅವನು ತಲೆಯೆತ್ತಿ ನಕ್ಕ. "ಹೌದು, ಮುಲಾಮು ಅವರೇ. ಉತ್ತರ ಕೇಳೋಕೆ ಬಂದೆ."

ಅವರಿಬ್ಬರೂ ಕಂಪ್ಯೂಟರಿನಲ್ಲಿ ಜೋಡಿಯಾಗಿ ಆಡುತ್ತಿದ್ದದ್ದು ನೆಲಮಾಳಿಗೆಗಳ ಆಟ. ಒಂದೊಂದೇ ಅಂತಸ್ತು ಕೆಳಗಿಳಿಯಬೇಕು, ರಾಕ್ಷಸರನ್ನು ಕೊಲ್ಲಬೇಕು. ಕೊಂದಾಗ ಸಿಗುವ ಅನುಭವದ ಅಂಕ ಕೂಡಿದಂತೆ ಲೆವೆಲ್ ಏರುತ್ತದೆ. ಆಟದಲ್ಲಿ ಅವನ ಹೆಸರು 'ಕೊಡಲಿ', ಅವಳ ಮುಂದೆ ಗುರಾಣಿ ಹಿಡಿದು ಕಾದಾಡುವವನು. ಅವಳ ಹೆಸರು 'ಮುಲಾಮು', ಅವನ ಗಾಯಕ್ಕೆ ಮದ್ದು ಹಚ್ಚುವವಳು. ರಾಕ್ಷಸ ಸಾಯುವ ಗಳಿಗೆಯಲ್ಲಿ ನಿಂತಿರುವವರಿಗೆ ಅಂಕ ಸಮಪಾಲು. ಬಿದ್ದವರಿಗೆ ಸೊನ್ನೆ, ಅವರ ಪಾಲೂ ನಿಂತವರಿಗೇ.

ದೊಡ್ಡ ರಾಕ್ಷಸ ಎದುರಾದಾಗಲೆಲ್ಲ ಅವಳು ಕೊನೆಯ ಏಟಿಗೆ ತುಸು ಮೊದಲು ಬೀಳುತ್ತಿದ್ದಳು. "ಸಾರಿ" ಎಂದು ಬರೆಯುತ್ತಿದ್ದಳು. "ಪರವಾಗಿಲ್ಲ, ನಾನಿದ್ದೀನಲ್ಲ" ಎಂದು ಅವನು.

ಅವಳು ಪ್ರೀತಿಸಿದ್ದು ಆ ಒಂದು ಮಾತನ್ನೇ! ಕಳೆದ ಭಾನುವಾರ ಅವನು 'ಮದುವೆಯಾಗೋಣವಾ?' ಎಂದು ಬರೆದಾಗ, ಉತ್ತರ ಎದುರಿಗೇ ಹೇಳುತ್ತೇನೆಂದು ಅಂಗಡಿಯ ವಿಳಾಸ ಕೊಟ್ಟಿದ್ದಳು.

ನಿನ್ನೆ, ತಾನೆಲ್ಲಿ ತಪ್ಪುತ್ತಿದ್ದೇನೆಂದು ತಿಳಿಯಲು ಆಟದ ಕಾಳಗದ ದಾಖಲೆ ತೆರೆದು ಓದಿದ್ದಳು. 'ಕೊಡಲಿ ಗುರಾಣಿ ಇಳಿಸಿದ. ಮುಲಾಮು ಬಿದ್ದಳು.' ಹನ್ನೊಂದು ಕಾಳಗ... ಹನ್ನೊಂದರಲ್ಲೂ ಅದೇ ಎರಡು ಸಾಲು!

"ನಿಮ್ಮ ಲೆವೆಲ್ ಮೂವತ್ನಾಲ್ಕು," ಎಂದಳು. "ನಂದು ಹತ್ತೊಂಬತ್ತು. ಗುರಾಣಿ ಯಾಕೆ ಇಳಿಸಿದ್ರಿ?"

ಅವನು ಹುಡುಕುವುದು ಬಿಟ್ಟು ಎದ್ದು ನಿಂತ. "ದಾಖಲೆ ನೋಡಿದ್ರಾ..."

"ನನ್ನ ಪಾಲಿನ ಅಂಕ ಅಷ್ಟು ರುಚಿಯಾಗಿತ್ತಾ?"

"ಅಂಕಕ್ಕಲ್ಲ! ಮೊದಲ ಸಲ ಕೈತಪ್ಪಿ ಆಯ್ತು. ಬಿದ್ದವರು ಮತ್ತೆ ಏಳೋವರೆಗೆ ಬರೆಯೋದು ಬಿಟ್ರೆ ಬೇರೇನೂ ಮಾಡೋ ಹಾಗಿಲ್ಲ ಅಲ್ವಾ? ಅವತ್ತು ನೀವು ನನ್ನ ಹತ್ರ ಅರ್ಧ ಗಂಟೆ ಮಾತಾಡಿದ್ರಿ. ಅದಕ್ಕೂ ಮೊದಲು ಬರೀ 'ಹ್ಞೂಂ', 'ಸರಿ' ಅಷ್ಟೇ. ಆಮೇಲೆ... ನನಗೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಅಂಕದಾಸೆಗೆ ಎಂದಿದ್ದರೆ ಎಷ್ಟೋ ವಾಸಿಯಿತ್ತು! ಇವನೇ ಬೀಳಿಸಿ, ಇವನೇ ಸಮಾಧಾನ ಮಾಡಿದ. ಎಂಟು ತಿಂಗಳು ನಾನು ನನ್ನ ಬೆರಳುಗಳನ್ನೇ ಬೈದುಕೊಂಡೆನಲ್ಲ...

"ಏನೇ, ಸ್ಕ್ರೂ ಹುಡುಕ್ತಿದ್ದೀಯೋ, ಅದಕ್ಕೊಂದು ಗಂಡು ಹುಡುಕ್ತಿದ್ದೀಯೋ?" ಒಳಗಿನಿಂದ ಅಂಗಡಿಯ ಯಜಮಾನಿ ಅಕ್ಕ ಕೂಗಿದಳು.

ಬೇಡವೆಂದರೂ ನಗು ಬಂತು. ಅವಳು ತುಟಿ ಕಚ್ಚಿ ತಡೆದಳು. ಕಣ್ಣು ಮಾತ್ರ ತುಂಬಿತ್ತು.

"ನಾನು ಬೀಳದೆ ನಿಂತಿರುವಾಗ ನನ್ನ ಜೊತೆ ಮಾತಾಡೋಕೆ ಬರುತ್ತಾ ನಿಮಗೆ?"

"ಈಗ್ಲಾ?"

"ಈಗ್ಲೇ."

ಅವನು ಕೌಂಟರ್ ನೋಡಿದ, ಕನ್ನಡಕ ನೋಡಿದ. ಕೊನೆಗೆ ಅವಳ ಕೈ ನೋಡಿದ.

"ನಿಮ್ಮ... ನಿಮ್ಮ ಕೈಗೆ ಲೆನ್ಸ್ ಉಜ್ಜಿದ ಪುಡಿ ಮೆತ್ಕೊಂಡಿದೆ. ಊಟಕ್ಕೆ ಮೊದಲು ತೊಳ್ಕೊಳ್ಳಿ."

"ದಿನಾ ತೊಳ್ಕೋತೀನಿ."

"ಹಾಗಾದ್ರೆ... ದಿನಾ ಬಂದು ಕೇಳ್ಲಾ?"

"ಕೇಳಿ." ಅವಳ ದನಿ ತಾನಾಗಿ ಮೆತ್ತಗಾಯಿತು. "ಮದುವೆಯ ಉತ್ತರ ಮಾತ್ರ ಇವತ್ತಿಲ್ಲ."

ಅವನು ಕಾಲ ಬಳಿಯೇ ಬಿದ್ದಿದ್ದ ಸ್ಕ್ರೂ ಹೆಕ್ಕಿ ಕೌಂಟರಿನ ಮೇಲಿಟ್ಟು, ತಲೆಯಾಡಿಸಿ ಹೊರಟ.

ಅವಳು ಅದನ್ನು ಕೂರಿಸಿ ಮುಂದಿನ ಕನ್ನಡಕ ಎತ್ತಿಕೊಂಡಳು. ಸಂಜೆ ಮನೆಗೆ ಹೋದೊಡನೆ ಆಟದಲ್ಲಿ ಅವನ ಜೋಡಿ ಬಿಡಬೇಕು. ಒಬ್ಬಳೇ ಇಳಿಯಬೇಕು. ಮದ್ದು ಹಚ್ಚುವವಳು ಯಾರ ಗುರಾಣಿಯೂ ಇಲ್ಲದೆ ಅವನ ಮೂವತ್ತನಾಲ್ಕಕ್ಕೆ ಏರಲು ವರ್ಷವೇ ಹಿಡಿದೀತು. ಹಿಡಿಯಲಿ. ಅಲ್ಲಿಯವರೆಗೂ ಅವನು ದಿನವೂ ಬಂದು, ಅವಳೆದುರು ಹೀಗೇ ತಡವರಿಸಿ ಮಾತಾಡಿದರೆ... ಆಗ ಮದುವೆಗೆ 'ಹ್ಞೂಂ' ಎನ್ನುವುದು.

ಇದನ್ನು ಅವಳು ಅವನಿಗೆ ಹೇಳಿರಲಿಲ್ಲ. ಅಕ್ಕ ಬಂದು "ಯಾರೇ ಅದು?" ಎಂದಾಗಲೂ ಹೇಳಲಿಲ್ಲ.